ಆರು ಮಟಿಲ್ಡಾಗಳೂ ದೊಡ್ಡಮಲ್ಲಮ್ಮನ ಎಲೆಯೂ

ನನ್ನ ಹತ್ತಿರ ಒಂದು ಇಂಗ್ಲಿಷ್ ವಿಶ್ವಕೋಶವಿತ್ತು. ವಿಶ್ವಕೋಶ ಎಂದರೆ ಇಡೀ ವಿಶ್ವದ್ದಲ್ಲ. ಹನ್ನೆರಡು ಸಂಪುಟಗಳಲ್ಲಿ ಒಂದೇ ಒಂದು, ‘ಎಂ’ ಅಕ್ಷರದ್ದು. ಮೈಸೂರಿನ ಹಳೇ ಪುಸ್ತಕದ ಅಂಗಡಿಯವನು ಬೇರೊಂದು ಪುಸ್ತಕದ ಜೊತೆ ಕೊಸರಿಗೆ ಕೊಟ್ಟದ್ದು. ಹೀಗಾಗಿ ನಾನು ಹರದನಹಳ್ಳಿಯ ಸ್ಕೂಲಿನಲ್ಲಿ ಮೇಷ್ಟ್ರಾಗಿದ್ದಷ್ಟು ಕಾಲ ಮಲೇರಿಯ, ಮೆಕ್ಸಿಕೊ, ಮುಂಗುಸಿ ಈ ಮೂರು ವಿಷಯಗಳಲ್ಲಿ ನನ್ನೆದುರು ನಿಲ್ಲುವವರು ಚಾಮರಾಜನಗರ ತಾಲ್ಲೂಕಿನಲ್ಲೇ ಇರಲಿಲ್ಲ. ಬೇರೆ ಅಕ್ಷರದ ಪ್ರಶ್ನೆ ಕೇಳಿದರೆ ನನಗೆ ಕೂಡಲೇ ತಲೆನೋವು ಬರುತ್ತಿತ್ತು. ಈ ಪುಸ್ತಕದ ದೆಸೆಯಿಂದ ಒಂದು ಸಂಸಾರದಲ್ಲಿ ಎರಡು ವಾರ ಮಾತುಕತೆ ನಿಂತುಹೋಯಿತು. ಹೋಬಳಿಯ ಕಂದಾಯ ಅಧಿಕಾರಿಗಳಾದ ಶೇಕ್ದಾರರು ಪೇಟ ಸುತ್ತಿಕೊಂಡು ಬಿಸಿಲಲ್ಲಿ ಓಡಿಬರಬೇಕಾಯಿತು. ಅದನ್ನೇ ಹೇಳಹೊರಟಿದ್ದೇನೆ.

ಮಾದಣ್ಣ ಸ್ಕೂಲಿನ ಹಿಂದಿನ ಬೀದಿಯವನು. ಎರಡು ಎಕರೆ ಹೊಲ, ಹೆಂಚಿನ ಮನೆ, ಮಾತು ಕಡಿಮೆ ಕೆಲಸ ಜಾಸ್ತಿಯ ಹೆಂಡತಿ ಚಂದ್ರಮತಿ. ಇಷ್ಟರಲ್ಲಿ ಯಾರಾದರೂ ಸುಖವಾಗಿರಬಹುದಿತ್ತು. ಆದರೆ ಮಾದಣ್ಣ ಹರೆಯದಲ್ಲಿ ಬಂಡೀಪುರದ ಕಾಡಂಚಿನ ಬಂಗಲೆಯೊಂದರಲ್ಲಿ ಏಳು ತಿಂಗಳು ಗಿಡಗಳಿಗೆ ನೀರು ಹಾಕಿದ್ದ. ಆ ಬಂಗಲೆಯಲ್ಲಿದ್ದ ಬಿಳಿ ದೊರೆ ಇವನ ಜೊತೆ ಮಾತಾಡಿದ್ದು ಒಂದೇ ಸಲ, ಅದೂ ‘ಗೋ’ ಎಂದು. ಅಂದಿನಿಂದ ದೊರೆಗಳ ಊಟ, ಉಡುಪು, ಸಿಟ್ಟು, ಸಂಬಂಧ ಯಾವುದರ ಮಾತು ಬಂದರೂ ಊರಿನಲ್ಲಿ ಮಾದಣ್ಣನದೇ ಕೊನೆಯ ತೀರ್ಪು. ೧೯೫೩ರಲ್ಲಿ ಇಂಗ್ಲೆಂಡಿನಲ್ಲಿ ಹೊಸ ರಾಣಿಗೆ ಪಟ್ಟವಾದಾಗ ಅವನು ಅರಳಿಕಟ್ಟೆಯ ಮೇಲೆ ಕೂತು, ಪಟ್ಟದ ಊಟಕ್ಕೆ ಏನೇನು ಮಾಡಿರುತ್ತಾರೆಂದು ಎರಡು ದಿನ ವಿವರಿಸಿದ.

ಅವರ ಮನೆಯಲ್ಲಿ ಕೆಂಪಿ ಎಂಬ ನಾಟಿ ಹಸುವಿತ್ತು. ಕೆಂಪಿಯ ವಿಷಯ ಸ್ವಲ್ಪ ತಿಳಿದಿರಬೇಕು. ಚಂದ್ರಮತಿಗೆ ಚಿಕ್ಕಂದಿನಲ್ಲೇ ಹೆತ್ತವರು ಹೋಗಿದ್ದರು. ಚಂದಕವಾಡಿಯಲ್ಲಿ ಅಜ್ಜಿ ದೊಡ್ಡಮಲ್ಲಮ್ಮ ಅವಳನ್ನು ಸಾಕಿದಳು. ಮದುವೆಯಾದ ಮೇಲೆ ಆ ಮುದುಕಿ ಒಂದು ಕೈಯಲ್ಲಿ ಮೊಮ್ಮಗಳನ್ನೂ ಇನ್ನೊಂದು ಕೈಯಲ್ಲಿ ಕೆಂಪಿಯ ತಾಯಿಯನ್ನೂ ಹಿಡಿದುಕೊಂಡು ಹರದನಹಳ್ಳಿಗೆ ನಡೆದುಬಂದು, ಇಬ್ಬರನ್ನೂ ಒಟ್ಟಿಗೆ ಒಪ್ಪಿಸಿ, ಕಣ್ಣೊರೆಸಿಕೊಂಡು ವಾಪಸು ಹೋಗಿದ್ದಳು. ಮಾದಣ್ಣನ ಮನೆಯಲ್ಲಿ ಒಂದು ರೂಢಿಯಿತ್ತು. ಹಟ್ಟಿಯಲ್ಲಿರುವ ಹಸು ಯಾವ ಮನೆಯಿಂದ ಬಂದಿದೆಯೋ ಆ ಮನೆಯ ತೀರಿಹೋದ ಹಿರಿಯರಿಗೂ ಪಕ್ಷದ ಹಬ್ಬದಲ್ಲಿ ಒಂದು ಎಲೆ ಹಾಕಿ ಎಡೆ ಇಡಬೇಕು. ಹಾಲು ಕುಡಿದವರು ಹಸು ಕೊಟ್ಟವರನ್ನು ಉಪವಾಸ ಕೆಡವಬಾರದು ಎಂಬ ನ್ಯಾಯ. ಹೀಗೆ ದೊಡ್ಡಮಲ್ಲಮ್ಮ ತೀರಿಹೋದ ಮೇಲೆ ಕೆಂಪಿಯ ಲೆಕ್ಕದಲ್ಲಿ ಅವಳಿಗೂ ವರ್ಷಕ್ಕೊಂದು ಎಲೆ ಬೀಳುತ್ತಿತ್ತು. ಗಂಡನ ಮನೆಯ ಹಬ್ಬದಲ್ಲಿ ತವರಿನ ಹಿರಿಯರಿಗೆ ಜಾಗ ಸಿಗುವುದು ಸುಲಭವಲ್ಲ. ಆ ಎಲೆಯೊಂದು ಬಿಟ್ಟರೆ ದೊಡ್ಡಮಲ್ಲಮ್ಮನನ್ನು ನೆನೆಸಿಕೊಂಡು ಒಂದು ತುತ್ತು ಇಡುವವರು ಈ ಭೂಮಿಯ ಮೇಲೆ ಬೇರೆ ಯಾರೂ ಇರಲಿಲ್ಲ.

ಇಂಥ ಕೆಂಪಿಯನ್ನು ಮಾದಣ್ಣ ಆ ವರ್ಷ ಭಾದ್ರಪದದಲ್ಲಿ ಬದಲಾಯಿಸಿಬಿಟ್ಟ.

ಗುಂಡ್ಲುಪೇಟೆಯಲ್ಲಿ ರಜಾಕ್ ಎಂಬ ವ್ಯಾಪಾರಿ ಇದ್ದರು. ನೀಲಗಿರಿಯಿಂದ ಆಲೂಗಡ್ಡೆ ತಂದು ಮಾರುವವರು. ಅಲ್ಲಿನ ತೋಟದ ದೊರೆಯೊಬ್ಬ ಊರಿಗೆ ಹೊರಟಾಗ, ಕಾಗದಪತ್ರ ಸಮೇತ ತನ್ನ ಹಸುವನ್ನು ರಜಾಕ್ ಸಾಹೇಬರಿಗೆ ಬಿಟ್ಟುಹೋಗಿದ್ದ. ಹಸು ಹೊತ್ತಿಗೆ ನಾಲ್ಕು ಸೇರು ಹಾಲು ಕೊಡುತ್ತಿತ್ತು, ಆದರೆ ಒಂದು ಗಾಡಿ ಹುಲ್ಲು ತಿನ್ನುತ್ತಿತ್ತು. ರಜಾಕರ ಹೆಂಡತಿ ನಜೀಮಾ, “ಹುಲ್ಲು ಇದಕ್ಕೆ ಹಾಕಲಾ, ನಮ್ಮ ಮನೆ ಸೂರಿಗೆ ಹೊದಿಸಲಾ?” ಎಂದು ಕೇಳಿದ್ದರಂತೆ. ಯಾವುದಾದರೂ ಸಣ್ಣ ನಾಟಿ ಹಸು ಸಿಕ್ಕರೆ ಸಾಕೆಂದು ಅವರು ಕಾಯುತ್ತಿದ್ದಾಗ ಮಾದಣ್ಣನ ಕಿವಿಗೆ ‘ದೊರೆಯ ಹಸು’ ಎಂಬ ಎರಡು ಪದ ಬಿದ್ದವು. ಹೆಂಡತಿಯನ್ನು ಕೇಳುವ ಗೋಜಿಗೂ ಹೋಗದೆ ಕೆಂಪಿಯನ್ನು ಹೊಡೆದುಕೊಂಡು ಹೋದವನು, ನಾಲ್ಕು ದಿನದ ಮೇಲೆ ಚಾಮರಾಜನಗರದ ಪೇಟೆಬೀದಿಯ ನಟ್ಟನಡುವೆ ಹೊಸ ಹಸುವನ್ನು ಮೆರವಣಿಗೆಯ ಹಾಗೆ ನಡೆಸಿಕೊಂಡು ಊರಿಗೆ ಬಂದ.

ಬಿಳಿ ಮೈ, ಅಲ್ಲಲ್ಲಿ ಕಂದು ಮಚ್ಚೆ, ಮಂಚದಷ್ಟು ಅಗಲದ ಬೆನ್ನು. ಊರೆಲ್ಲ ಸೇರಿತು. ಪಕ್ಕದ ಮನೆಯ ಸೋಮಮ್ಮ, ಶಾಸ್ತ್ರ ಸಂಪ್ರದಾಯಗಳಲ್ಲಿ ಊರಿಗೇ ಹಿರಿಯಳಾದ ಮುದುಕಿ, ಹಸುವನ್ನು ಮೂರು ಸುತ್ತು ಬಂದು ಕೇಳಿದಳು:

“ಇದ್ಕೆ ಬೆನ್ನ ಮ್ಯಾಲೆ ಡುಬ್ಬ ಎಲ್ಲೋ, ಮಾದಾ?”

“ದೊರೆಗೋಳು ತಗೆಸ್ಬುಡ್ತಾರೆ ಕಣಕ್ಕಾ. ಅಡ್ಡ ಬತ್ತದೆ ಅಂತ,” ಎಂದ ಮಾದಣ್ಣ.

ಚಂದ್ರಮತಿ ಹೊಸಿಲ ಮೇಲೆ ನಿಂತಿದ್ದಳು. ಹಸುವಿನ ಹಿಂದೆ ಮುಂದೆ ನೋಡಿದಳು. “ಕೆಂಪಿ ಎಲ್ಲಿ?” ಎಂದಳು. ಮಾದಣ್ಣ ಹೇಳಿದ. ಅವಳು ಒಳಗೆ ಹೋದಳು. ಹಸು ಕಟ್ಟಲು ಹಗ್ಗ ಕೊಡು ಎಂದು ಅವನು ನಾಲ್ಕು ಸಲ ಕೂಗಿದರೂ ಹೊರಗೆ ಬರಲಿಲ್ಲ.

ಮಾರನೆಯ ದಿನ ಮಾದಣ್ಣ ಹಸುವಿನ ಕಾಗದ ಹಿಡಿದು ನನ್ನ ಹತ್ತಿರ ಬಂದ. ಅದು ದಪ್ಪ ಅಕ್ಷರದ ವಂಶಾವಳಿ. ಹಸುವಿನ ಹೆಸರು ಏಳನೆಯ ಮಟಿಲ್ಡಾ. ತಾಯಿ ಆರನೆಯ ಮಟಿಲ್ಡಾ, ಅಜ್ಜಿ ಐದನೆಯ ಮಟಿಲ್ಡಾ. ಅದಕ್ಕೂ ಮೇಲಿನ ಸಾಲುಗಳನ್ನು ಗೆದ್ದಲು ತಿಂದಿತ್ತು. ನಾನು ಓದಿ ಹೇಳಿ ಸುಮ್ಮನಾಗಬೇಕಿತ್ತು. ಆದರೆ ಮಟಿಲ್ಡಾ ‘ಎಂ’ ಅಕ್ಷರದ್ದು. ಆರು ತಿಂಗಳಿಂದ ಯಾರೂ ನನ್ನನ್ನು ‘ಎಂ’ ಅಕ್ಷರದ್ದೇನನ್ನೂ ಕೇಳಿರಲಿಲ್ಲ.

“ಸ್ವಲ್ಪ ಕೂತ್ಕೊ,” ಎಂದು ಪುಸ್ತಕ ತೆಗೆದೆ.

ಇದ್ದರು, ಒಬ್ಬರಲ್ಲ ಆರು ಜನ. ಮೊದಲನೆಯವಳು ಸಾವಿರ ವರ್ಷದ ಹಿಂದಿನ ಜರ್ಮನರ ರಾಣಿ. ಇದ್ದಬದ್ದದ್ದನ್ನೆಲ್ಲ ಬಡವರಿಗೆ ಹಂಚುತ್ತಾಳೆಂದು ಹೆತ್ತ ಮಕ್ಕಳೇ ಜಗಳಕ್ಕೆ ನಿಂತಿದ್ದರು. ಎರಡನೆಯವಳು ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆಯ ಹೆಂಡತಿ. ಮೂರನೆಯವಳು ಇಟಲಿಯವಳು, ಕ್ರೈಸ್ತರ ಗುರು ಪೋಪರ ಕ್ಷಮೆ ಬೇಡಲು ಬಂದ ಚಕ್ರವರ್ತಿಯೊಬ್ಬ ಅವಳ ಕೋಟೆಯ ಬಾಗಿಲಲ್ಲಿ ಹಿಮದ ಮೇಲೆ ಬರಿಗಾಲಲ್ಲಿ ಮೂರು ದಿನ ನಿಂತಿದ್ದ. ನಾಲ್ಕನೆಯವಳು ಸ್ಕಾಟ್ಲೆಂಡಿನಿಂದ ಇಂಗ್ಲೆಂಡಿಗೆ ಸೊಸೆಯಾಗಿ ಬಂದು ಕುಷ್ಠರೋಗಿಗಳ ಕಾಲು ತೊಳೆದವಳು. ಐದನೆಯವಳು ಅವಳ ಮಗಳು. ಸಿಂಹಾಸನ ನನ್ನದೆಂದು ಯುದ್ಧಕ್ಕೆ ನಿಂತು, ಶತ್ರುಗಳು ಕೋಟೆ ಮುತ್ತಿದಾಗ ಬಿಳಿ ಬಟ್ಟೆ ಹೊದ್ದು, ಹಿಮದಲ್ಲಿ ಯಾರ ಕಣ್ಣಿಗೂ ಬೀಳದೆ ನಡೆದು ಪಾರಾದವಳು. ಆರನೆಯವಳು ಆ ಶತ್ರು ದೊರೆಯ ಹೆಂಡತಿ. ಅವಳ ಹೆಸರೂ ಮಟಿಲ್ಡಾ. ಏಳನೆಯವಳು ಇದ್ದಳೋ ಏನೋ, ಮುಂದಿನ ಹಾಳೆಯಲ್ಲಿ ಹಿಂದಿನ ಮಾಲೀಕರು ಕಡಲೆಕಾಯಿ ಕಟ್ಟಿದ್ದರು.

“ಆರು ಜನವಾ?” ಎಂದ ಮಾದಣ್ಣ. ಅವನ ಕಣ್ಣು ದೊಡ್ಡದಾಗಿತ್ತು. “ನಮ್ಮ ಹಸ ಏಳ್ನೇದು. ಲೆಕ್ಕ ಸರ್ಯಾಯ್ತಲ್ಲ ಮೇಷ್ಟ್ರೇ!”

“ಅದು ಬೇರೆ ಇದು ಬೇರೆ, ಮಾದಣ್ಣ. ಇವರು ರಾಣಿಯರು. ಅದು ದನ.”

“ದೊರೆಗೋಳು ರಾಣೀರ ಹೆಸರ್ನ ದಾರೀಲಿ ಹೋಗ ದನಕ್ಕೆಲ್ಲ ಇಕ್ಕಾರಾ? ಆ ಮನೇಲಿ ಹುಟ್ಟಿದ್ರೆ ತಾನೆ ಆ ಮನೆ ಹೆಸರು? ಬಿಳಿ ಬಟ್ಟೆ ಹೊದ್ಕಂಡು ಓಡೋದ್ಲು ಅಂದ್ರಲ್ಲ, ನಮ್ಮ ಹಸಾನೂ ಬಿಳೀದೆಯ. ಏಳು ತಿಂಗ್ಳು ಬಂಗ್ಲೇಲಿ ಇದ್ದೋನು ನಾನು. ನಂಗೊತ್ತಿಲ್ವಾ?”

ಬಂಗಲೆಯ ಅನುಭವದ ಮುಂದೆ ಪುಸ್ತಕದ ಜ್ಞಾನ ನಿಲ್ಲುವುದಿಲ್ಲ. ನಿಜ ಹೇಳಬೇಕೆಂದರೆ ನಾನೂ ಹೆಚ್ಚು ಎದುರಾಡಲಿಲ್ಲ. ನನ್ನ ಪುಸ್ತಕವನ್ನು ಇಷ್ಟು ಭಕ್ತಿಯಿಂದ ಕೇಳಿದವರು ಅದುವರೆಗೆ ಯಾರೂ ಇರಲಿಲ್ಲ.

ಇಷ್ಟೆಲ್ಲ ವಂಶ ಗೊತ್ತಾದರೂ ಹಸು ಮಾತ್ರ ಹಾಲು ಕೊಡಲಿಲ್ಲ. ಮಾದಣ್ಣ ಚೊಂಬು ಹಿಡಿದು ಕೂತರೆ ಒಂದು ಪಾವು ಹಾಲು, ಮೂರು ಒದೆ. ಮಂಡಿ ಊದಿತು, ಚೊಂಬು ಸೊಟ್ಟಗಾಯಿತು. ಬೀದಿಯಲ್ಲಿ ಹಸು ಕರೆಯಲು ಬರುತ್ತದೆಂದು ಹೆಸರಿದ್ದವರೆಲ್ಲ ಸರದಿಯ ಮೇಲೆ ಬಂದು ಕೂತು, ಸರದಿಯ ಮೇಲೆ ಕುಂಟುತ್ತ ಹೋದರು. ಯಾರು ಕೂತರೂ ನಮ್ಮ ಕಡೆಯ ವಾಡಿಕೆಯಂತೆ ಹಸುವಿನ ಎಡಕ್ಕೇ ಕೂರುತ್ತಿದ್ದರು. ಹಸು ತಿರುಗಿ ಅವರನ್ನು ಒಂದು ಸಲ ನೋಡಿ, ಆಮೇಲೆ ಒದೆಯುತ್ತಿತ್ತು.

ರಜಾಕರನ್ನು ಕೇಳೋಣ ಎಂದೆ. “ಹಸ ಕರಿಯಾಕೆ ಬರಾಕಿಲ್ಲ ಅಂತ ಗುಂಡ್ಲುಪೇಟೆಗೆಲ್ಲ ಸಾರ್ಲಾ?” ಎಂದು ಮಾದಣ್ಣ ನನ್ನ ಬಾಯಿ ಮುಚ್ಚಿಸಿದ. ಕೊನೆಗೆ ಸೋಮಮ್ಮನೇ ಕಾರಣ ಕಂಡುಹಿಡಿದಳು.

“ಹಸೀನ ಮನೆ ಹಿರೀಕರು ಹಸ್ಕೊಂಡವ್ರೆ ಕಣ್ಲಾ. ಪಕ್ಸ ಬಂತು. ಕೆಂಪಿ ಮನೇವ್ರಿಗೆ ಎಲೆ ಹಾಕ್ತಿದ್ದೆ. ಇವ್ಳ ಮನೇವ್ರಿಗೆ ಹಾಕ್ದೆ ಹಾಲು ಕೊಡು ಅಂದ್ರೆ ಕೊಟ್ಟಾಳಾ?”

ಮಾದಣ್ಣ ತೊಡೆ ತಟ್ಟಿಕೊಂಡು ಎದ್ದ. ಮಹಾಲಯ ಅಮಾವಾಸ್ಯೆಗೆ ಆರು ಮಟಿಲ್ಡಾಗಳಿಗೆ ಆರು ಎಲೆ ಹಾಕುವುದೆಂದು ಅಲ್ಲೇ ತೀರ್ಮಾನವಾಯಿತು. ಆಗ ಚಂದ್ರಮತಿ ಒಲೆಯ ಮುಂದಿನಿಂದ ಎದ್ದು ಬಂದಳು.

“ನಮ್ಮಜ್ಜಿ ಎಲೆ?” ಎಂದಳು.

“ಕೆಂಪಿನೇ ಇಲ್ವಲ್ಲಮ್ಮಿ. ಹಸ ಇಲ್ಲದ್ಮೇಲೆ ಎಲೆ ಎಲ್ಲಿಂದ ಬಂತು? ರೂಢಿ ಅಂದ್ರೆ ರೂಢಿ.”

“ಹಸ ಮಾರ್ಕೊಂಡೋರು ನೀವು. ನಮ್ಮಜ್ಜಿ ಏನ್ ತಪ್ಪು ಮಾಡಿದ್ಲು?”

ಮಾದಣ್ಣ ಕಷ್ಟಪಟ್ಟು ಯೋಚಿಸಿದ. ಅವನು ಕೆಟ್ಟವನಲ್ಲ, ಒಮ್ಮೆ ಹಿಡಿದ ದಾರಿಯನ್ನು ಗೋಡೆ ಸಿಗುವವರೆಗೂ ಬಿಡದವನು, ಅಷ್ಟೇ. “ಕೆಂಪಿ ಈಗ ಯಾರ ಮನೇಲದೆ? ರಜಾಕ್ ಸಾಬ್ರ ಮನೇಲಿ. ಹಂಗಾದ್ರೆ ಎಲೆ ಅವ್ರು ಹಾಕ್ಬೇಕು. ನಾನು ಹೇಳಿಕಳಿಸ್ತೀನಿ ಬುಡು,” ಎಂದ. ಹೇಳಿಕಳಿಸಿಯೂ ಬಿಟ್ಟ. ಗುಂಡ್ಲುಪೇಟೆಗೆ ಹೋಗುವ ಬಸ್ಸಿನ ಕಂಡಕ್ಟರು, ‘ಚಂದಕವಾಡಿ ದೊಡ್ಡಮಲ್ಲಮ್ಮನವರಿಗೆ ನೀವು ಅಮಾವಾಸ್ಯೆ ದಿನ ಮರೆಯದೆ ಊಟ ಹಾಕಬೇಕಂತೆ’ ಎಂಬ ಸುದ್ದಿಯನ್ನು ರಜಾಕ್ ಸಾಹೇಬರಿಗೆ ಮುಟ್ಟಿಸಿದ. ಸತ್ತವರೆಂದು ಹೇಳಲು ಮಾದಣ್ಣ ಮರೆತಿದ್ದ.

ಚಂದ್ರಮತಿ ಅಂದಿನಿಂದ ಗಂಡನ ಜೊತೆ ಮಾತು ಬಿಟ್ಟಳು. ಊಟಕ್ಕೆ ಬಡಿಸುತ್ತಿದ್ದಳು. ‘ಸಾಕಾ’ ಎಂದು ಕೇಳುತ್ತಿರಲಿಲ್ಲ. ತಟ್ಟೆಯಲ್ಲಿ ಮುದ್ದೆ ಹೆಚ್ಚಾದರೆ ಮಾದಣ್ಣ ಹಾಗೇ ತಿನ್ನುತ್ತಿದ್ದ, ಕಡಿಮೆಯಾದರೆ ಹಾಗೇ ಏಳುತ್ತಿದ್ದ. ಒಂದು ಮಧ್ಯಾಹ್ನ ಅವಳು ಸ್ಕೂಲಿನ ಬಾಗಿಲಿಗೆ ಬಂದು, “ಮೇಷ್ಟ್ರೇ, ಆ ರಾಣೀರ್ಗೆ ಮೊಮ್ಮಕ್ಳು ಮರಿಮಕ್ಳು ಇಲ್ವಾ? ನಮ್ಮಜ್ಜಿಗೆ ನಾನೊಬ್ಳೆ,” ಎಂದಳು. ನನಗೆ ಬಹಳ ಕೆಟ್ಟದೆನಿಸಿತು. ಆ ದಿನ ನನಗೆ ನಿಜವಾಗಿಯೇ ತಲೆನೋವು ಬಂತು.

ಇತ್ತ ಎಡೆಯ ಸಿದ್ಧತೆ ಜೋರಾಯಿತು. ದಿನಾ ಸಂಜೆ ಮಾದಣ್ಣನ ಜಗಲಿಯ ಮೇಲೆ ಸೋಮಮ್ಮನ ಅಧ್ಯಕ್ಷತೆಯಲ್ಲಿ ಸಭೆ. ನಾನು ಪುಸ್ತಕ ಹಿಡಿದು ಹಾಜರಾಗಬೇಕು.

“ಮೊದ್ಲು ಇದೇಳಿ,” ಎಂದಳು ಸೋಮಮ್ಮ. “ಆರು ಜನದಲ್ಲಿ ಮುತ್ತೈದೆ ಸಾವು ಎಷ್ಟು? ಅವ್ರಿಗೆ ಬಳೆ ಕುಂಕ್ಮ ಇಡ್ಬೇಕು. ಮಿಕ್ಕೋರ್ಗೆ ಬಿಳಿ ಸೀರೆ.”

ಇಂಗ್ಲೆಂಡಿನ ಚರಿತ್ರೆಯನ್ನು ಈ ದೃಷ್ಟಿಯಿಂದ ಅಭ್ಯಾಸ ಮಾಡಿದವರು ನನಗೆ ಗೊತ್ತಿರುವಂತೆ ಬೇರೆ ಇಲ್ಲ. ಇಸವಿಗಳನ್ನು ಕೂಡಿಸಿ ಕಳೆದು ಹೇಳಿದೆ. ವಿಲಿಯಂ ದೊರೆಯ ಹೆಂಡತಿ ಮುತ್ತೈದೆ. ಸ್ಕಾಟ್ಲೆಂಡಿನವಳು ಮುತ್ತೈದೆ. ಶತ್ರುವಿನ ಹೆಂಡತಿಯೂ ಮುತ್ತೈದೆ. ಜರ್ಮನಿಯವಳಿಗೂ ಸಿಂಹಾಸನದವಳಿಗೂ ಬಿಳಿ ಸೀರೆ. ತೊಡಕಾದದ್ದು ಇಟಲಿಯವಳದ್ದು. ಅವಳ ಮೊದಲ ಗಂಡ ಕೊಲೆಯಾಗಿ, ಎರಡನೆಯವನು ಬಿಟ್ಟುಹೋಗಿದ್ದ. ಆದರೆ ಅವಳು ಸತ್ತಾಗ ಆ ಎರಡನೆಯವನು ಎಲ್ಲೋ ಬದುಕಿದ್ದ.

ಜಗಲಿಯ ಮೇಲೆ ಗದ್ದಲವಾಯಿತು. ಬಿಟ್ಟುಹೋದ ಗಂಡ ಲೆಕ್ಕಕ್ಕಿಲ್ಲ ಎಂದು ಕೆಲವರು, ಕಟ್ಟಿದ ತಾಳಿ ಕಟ್ಟಿದ್ದೇ ಎಂದು ಕೆಲವರು. ತಮಿಳುನಾಡಿಗೆ ಓಡಿಹೋದ ಗಂಡಂದಿರಿದ್ದ ಇಬ್ಬರು ಹೆಂಗಸರು ಅಲ್ಲಿದ್ದರು. ಅವರಿಗೆ ಇದು ಇಟಲಿಯ ಪ್ರಶ್ನೆಯಾಗಿರಲಿಲ್ಲ. ಸೋಮಮ್ಮ ಅವರ ಮುಖ ನೋಡಿದಳು. “ಬದ್ಕಿರೋ ತಂಕ ಗಂಡ ಗಂಡ್ನೇ. ಹಸ್ರು ಬಳೆ ಇಡ್ರಿ,” ಎಂದಳು. ಇಬ್ಬರೂ ಸೆರಗಿನಿಂದ ಮೂಗು ಒರೆಸಿಕೊಂಡರು. ಎಂಟುನೂರು ವರ್ಷಗಳ ತರುವಾಯ ಇಟಲಿಯ ಮಟಿಲ್ಡಾಗೆ ಹರದನಹಳ್ಳಿಯಲ್ಲಿ ನ್ಯಾಯ ಸಿಕ್ಕಿತು.

“ಅವ್ರು ಏನ್ ಉಣ್ತಿದ್ರು?” ಎಂಬುದು ಮುಂದಿನ ಪ್ರಶ್ನೆ. ಆ ರಾಣಿಯರ ಊಟದಲ್ಲಿ ಮುಖ್ಯವಾದ ಪದಾರ್ಥ ಯಾವುದೆಂದು ನನಗೆ ಗೊತ್ತಿತ್ತು. ಆದರೆ ಅದು ಆ ಹಟ್ಟಿಯಲ್ಲಿ, ಅದೂ ಏಳನೆಯ ಮಟಿಲ್ಡಾಳ ಎದುರಿಗೆ, ಹೇ‌ಳುವಂಥದ್ದಾಗಿರಲಿಲ್ಲ. “ಕೋಳಿ,” ಎಂದೆ. ಮಾದಣ್ಣ ಕೂಡಲೇ, “ಬಂಗ್ಲೇಲೂ ಕೋಳಿನೇಯ,” ಎಂದು ಸಾಕ್ಷಿ ನುಡಿದ.

ಕೊನೆಯದು ಕೂರಿಸುವ ಪ್ರಶ್ನೆ. ಐದನೆಯವಳೂ ಆರನೆಯವಳೂ ಒಡಹುಟ್ಟಿದ ಅಕ್ಕತಂಗಿಯರ ಮಕ್ಕಳು, ಸಿಂಹಾಸನಕ್ಕಾಗಿ ವರ್ಷಗಟ್ಟಲೆ ಕಾದಾಡಿದವರು ಎಂದು ನಾನು ಬಾಯಿತಪ್ಪಿ ಹೇಳಿಬಿಟ್ಟೆ. ಒಂದೇ ಸಾಲಿನಲ್ಲಿ ಇಬ್ಬರಿಗೂ ಎಲೆ ಹಾಕಿದರೆ ಇಬ್ಬರೂ ಉಣ್ಣದೆ ಎದ್ದುಹೋಗುತ್ತಾರೆ ಎಂದಳು ಸೋಮಮ್ಮ. ಯಾರ ಮನೆಯ ಮದುವೆಯಲ್ಲಿ ಯಾರು ಹಾಗೆ ಎದ್ದುಹೋಗಿದ್ದರು ಎಂಬ ಚರ್ಚೆ ಒಂದು ಗಂಟೆ ನಡೆಯಿತು. ಎರಡು ಎಲೆಗಳ ನಡುವೆ ಒಂದು ಮೊರ ನಿಲ್ಲಿಸುವುದೆಂದು ತೀರ್ಮಾನವಾಯಿತು.

ಸುದ್ದಿ ಅಷ್ಟರಲ್ಲಿ ಚಾಮರಾಜನಗರದ ಸಂತೆ ಮುಟ್ಟಿತ್ತು. ಅಲ್ಲಿಂದ ಅದು ಕಚೇರಿಗಳ ಕಡೆಗೆ ತಿರುಗುವಾಗ ಹಸುವೂ ಪಕ್ಷವೂ ದಾರಿಯಲ್ಲಿ ಉದುರಿಹೋಗಿ, ‘ಅಮಾವಾಸ್ಯೆ ದಿನ ಹರದನಹಳ್ಳಿಗೆ ಇಂಗ್ಲೆಂಡಿನ ಆರು ರಾಣಿಯರು ಊಟಕ್ಕೆ ಬರುತ್ತಾರೆ’ ಎಂಬಷ್ಟೇ ಉಳಿದುಕೊಂಡಿತು. ಅಮಾವಾಸ್ಯೆಯ ದಿನ ಮೂರು ಗಂಟೆಯ ಬಿಸಿಲಲ್ಲಿ ಶೇಕ್ದಾರರು ಪೇಟ ಸುತ್ತಿ, ಕೋಟು ತೊಟ್ಟು, ಬೆವರಿಳಿಸುತ್ತ ಬಂದರು.

“ಯಾರ್ರೀ ಮಾದಣ್ಣ? ಸರ್ಕಾರಕ್ಕೆ ತಿಳಿಸದೆ ರಾಣಿಯರನ್ನ ಊಟಕ್ಕೆ ಕರೆಯೋಕೆ ನೀವು ಯಾರು? ಎಷ್ಟು ಗಂಟೆಗೆ ಬರ್ತಾರೆ?”

“ಧೂಪ ಹಾಕ್ದೇಟ್ಗೆ ಬತ್ತಾರೆ ಬುದ್ಧಿ,” ಎಂದು ಮಾದಣ್ಣ ಕೈಮುಗಿದ.

“ಯಾವ ದಾರೀಲಿ?”

“ಸತ್ತೋರ್ಗೆ ಯಾವ ದಾರಿ ಬುದ್ಧಿ!”

ಶೇಕ್ದಾರರ ಮುಖ ಬಿಳುಚಿತು. “ಸತ್ತಿದ್ದಾರಾ? ಆರು ಜನವೂ? ನಮ್ಮ ಹೋಬಳಿಯಲ್ಲಾ?”

“ಎಂಟ್ನೂರು ವರ್ಸ ಆಯ್ತು ಬುದ್ಧಿ.”

“ಸಾವಿನ ರಿಜಿಸ್ಟರಿನಲ್ಲಿ ಬರೆಸಿದ್ದೀರಾ?” ಎಂದು ಅವರು ಅಭ್ಯಾಸಬಲದಿಂದ ಕೇಳಿ, ಆಮೇಲೆ ಜಗಲಿಯ ಮೇಲೆ ಕೂತುಬಿಟ್ಟರು. ನಾನು ಮಜ್ಜಿಗೆ ಕೊಡಿಸಿ ಎಲ್ಲವನ್ನೂ ವಿವರಿಸಿದೆ. ಅವರು ಮಜ್ಜಿಗೆಯ ಲೋಟ ಕೆಳಗಿಟ್ಟು, “ಕೋಳಿ ಸಾರು ಎಂದಿರಾ?” ಎಂದರು. ಹೊರಡುವ ಯೋಚನೆ ಬಿಟ್ಟರು.

ಅದೇ ಹೊತ್ತಿಗೆ ಬಸ್ಸಿಳಿದು ರಜಾಕ್ ಸಾಹೇಬರು ಬಂದರು. ಕೈಯಲ್ಲಿ ಬಟ್ಟೆ ಕಟ್ಟಿದ ಡಬ್ಬಿ. ಮಾದಣ್ಣ ಒಳಗೆ ಎಲೆ ಹಾಸುತ್ತಿದ್ದ. ಹಿತ್ತಿಲ ಬಾಗಿಲಲ್ಲಿ ಚಂದ್ರಮತಿ ಪಾತ್ರೆ ತೊಳೆಯುತ್ತಿದ್ದಳು, ನಾನು ಅಲ್ಲಿಯೇ ನಿಂತಿದ್ದೆ.

“ಅಮ್ಮಾ, ದೊಡ್ಡಮಲ್ಲಮ್ಮನೋರು ಎಲ್ಲಿ?” ಎಂದರು ರಜಾಕ್. “ಅವರಿಗೆ ನಮ್ಮನೇಲಿ ಊಟ ಹಾಕ್ಬೇಕು ಅಂತ ಹೇಳಿ ಬಂತು. ಬೆಳಿಗ್ಗೆಯಿಂದ ಕಾದ್ವಿ. ವಯಸ್ಸಾದೋರು, ಅಷ್ಟು ದೂರ ಬಸ್ಸಲ್ಲಿ ಬರಕ್ಕೆ ಆಗಿಲ್ವೇನೋ ಅಂತ ನಜೀಮಾ ಬೆಲ್ಲದನ್ನ ಮಾಡಿ ಕೊಟ್ಟವ್ಳೆ. ಕೆಂಪಿ ಹಾಲಲ್ಲೇ ಮಾಡಿದ್ದು.”

ಚಂದ್ರಮತಿ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು ಎದ್ದಳು. ಅಜ್ಜಿ ಸತ್ತು ಆರು ವರ್ಷವಾಯಿತೆಂದು ಹೇಳಿದಳು. ರಜಾಕ್ ಸಾಹೇಬರು “ಅರೆ ರೆ” ಎಂದು ಟೋಪಿ ಸರಿಮಾಡಿಕೊಂಡು, ಡಬ್ಬಿಯನ್ನು ಏನು ಮಾಡುವುದೋ ತಿಳಿಯದೆ ನಿಂತರು. ಅವಳು ಎರಡೂ ಕೈಯೊಡ್ಡಿ ಅದನ್ನು ಇಸಿದುಕೊಂಡಳು. “ಅವ್ಳು ಇಲ್ಲೇ ಅವ್ಳೆ ಬುಡಿ ಸಾಬ್ರೆ. ನಾನು ಬಡುಸ್ತೀನಿ,” ಎಂದಳು.

ನಡುಮನೆಯಲ್ಲಿ ಆರು ಎಲೆ ಸಾಲಾಗಿ ಬಿದ್ದವು. ಮುದ್ದೆ, ಕೋಳಿ ಸಾರು, ಹುರಳಿಕಾಳು, ವಡೆ, ಬಳೆ, ಬಿಳಿ ಸೀರೆ, ಐದಕ್ಕೂ ಆರಕ್ಕೂ ನಡುವೆ ಮೊರ. ಹಸುವೂ ಅದೇ ಸೂರಿನ ಕೆಳಗೆ, ನಡುಮನೆಯ ಇನ್ನೊಂದು ತುದಿಯ ಕೊಟ್ಟಿಗೆಯಲ್ಲಿ ಕಟ್ಟಿಸಿಕೊಂಡು ನಿಂತಿತ್ತು. ಮಾದಣ್ಣ ಧೂಪ ಹಾಕಿ ಆರು ಹೆಸರನ್ನೂ ಕರೆದ. ಆರೂ ಒಂದೇ ಆದ್ದರಿಂದ ಕೆಲಸ ಸುಲಭವಾಯಿತು. ಹಿರಿಯರು ನೆಮ್ಮದಿಯಾಗಿ ಉಣ್ಣಲೆಂದು ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಬರುವುದು ಪದ್ಧತಿ. ಬಂದೆವು. ಚಂದ್ರಮತಿ ಎಲ್ಲರಿಗಿಂತ ಕೊನೆಗೆ ಬಂದಳು. ಒಳಗೆ ಒಯ್ದಿದ್ದ ಡಬ್ಬಿ ಅವಳ ಕೈಯಲ್ಲಿರಲಿಲ್ಲ. ನಾನು ನೋಡಿದೆ, ನೋಡದವನ ಹಾಗೆ ಆಕಾಶ ನೋಡಿದೆ.

ಅರ್ಧ ಬೀದಿ ಹೊರಗೆ ಕೈಮುಗಿದು ನಿಂತಿತ್ತು. ಸ್ವಲ್ಪ ಹೊತ್ತಿಗೆ ಒಳಗೆ ದಪ್ಪೆಂದು ಏನೋ ಬಿತ್ತು.

“ಮೊರ!” ಎಂದಳು ಸೋಮಮ್ಮ. “ಸುರುವಾಯ್ತು ಇಬ್ರಿಗೂ!”

ಆಮೇಲೆ ಭಾರವಾದ ಹೆಜ್ಜೆಯ ಸದ್ದು. ಆಮೇಲೆ ಸ್ಪಷ್ಟವಾಗಿ, ಯಾರೋ ಬಾಯಿ ಚಪ್ಪರಿಸಿ ಉಣ್ಣುವ ಸದ್ದು. ಶೇಕ್ದಾರರು ಮೆಲ್ಲಗೆ ಎದ್ದು, ಕೋಟಿನ ಗುಂಡಿ ಹಾಕಿಕೊಂಡು ನೆಟ್ಟಗೆ ನಿಂತರು. ಮಾದಣ್ಣನ ಕಣ್ಣಲ್ಲಿ ನೀರಿತ್ತು. “ಉಣ್ತಾವ್ರೆ ಮೇಷ್ಟ್ರೇ! ರಾಣೀರು ನಮ್ಮನೇಲಿ ಉಣ್ತಾವ್ರೆ!” ಎಂದು ನನ್ನ ಕೈ ಹಿಸುಕಿದ.

ಬಾಗಿಲು ತೆಗೆದ.

ಹಸು ಹಗ್ಗ ಕಿತ್ತುಕೊಂಡಿತ್ತು. ಮೊರ ಬಿದ್ದಿತ್ತು. ಆರು ಎಲೆಗಳೂ ಹಾಕಿದ್ದು ಹಾಕಿದ ಹಾಗೇ ಇದ್ದವು. ಕೋಳಿ ಸಾರಿನ ವಾಸನೆಗೆ ಹಸು ಅತ್ತ ಮೂಗು ಕೂಡ ಹಾಕಿರಲಿಲ್ಲ. ಅವುಗಳನ್ನೆಲ್ಲ ದಾಟಿ ಮೂಲೆಗೆ ಹೋಗಿ, ಗೋಡೆಗೆ ಎಡಮೈ ಒತ್ತಿಕೊಂಡು, ಅಲ್ಲಿ ಮಾದಣ್ಣ ಹಾಕಿಲ್ಲದ ಏಳನೆಯ ಎಲೆಯೊಂದರ ಮೇಲಿನ ಬೆಲ್ಲದನ್ನವನ್ನು ಕಣ್ಣು ಮುಚ್ಚಿ ತಿನ್ನುತ್ತಿತ್ತು. ಎಲೆಯ ಪಕ್ಕದಲ್ಲಿ ಎಲೆಅಡಿಕೆಯ ಒಂದು ಹಳೇ ಚೀಲವಿತ್ತು. ಪ್ರತಿ ಪಕ್ಷದಲ್ಲೂ ಎಡೆಗಿಡುತ್ತಿದ್ದ ಅದು ದೊಡ್ಡಮಲ್ಲಮ್ಮನದೆಂದು ಬೀದಿಗೆಲ್ಲ ಗೊತ್ತು.

ಚಂದ್ರಮತಿ ಗಂಡನನ್ನು ದಾಟಿ ಒಳಗೆ ಹೋದಳು. ಹಾಲು ಕರೆಯುವ ಹೊತ್ತಾಗಿತ್ತು; ಗೂಟಕ್ಕೆ ನೇತುಹಾಕಿದ್ದ ಸೊಟ್ಟ ಚೊಂಬನ್ನು ತೆಗೆದುಕೊಂಡು ಹಸುವಿನ ಪಕ್ಕಕ್ಕೆ ಹೋದಳು. ಎಡಕ್ಕೆ ಗೋಡೆ, ಕೂರಲು ಜಾಗವಿಲ್ಲ. ಬಲಕ್ಕೆ ಕೂತಳು. ಹಸು ತಿರುಗಿ ನೋಡಿತು. ಮಾದಣ್ಣ ಅಭ್ಯಾಸದಿಂದ ತನ್ನ ಮಂಡಿ ಹಿಡಿದುಕೊಂಡ. ಚೊಂಬಿಗೆ ಹಾಲು ಬೀಳುವ ಸದ್ದು ಕೇಳಿಸಿತು. ಚೊಂಬು ತುಂಬಿತು. “ಬಿಂದ್ಗೆ ತನ್ನಿ,” ಎಂದಳು. ಎರಡು ವಾರದ ನಂತರ ಅವಳು ಗಂಡನ ಜೊತೆ ಆಡಿದ ಮೊದಲ ಮಾತು ಅದು. ಮಾದಣ್ಣ ಓಡಿಹೋಗಿ ಬಿಂದಿಗೆ ತಂದ.

“ರಾಣೀರು ಆರೂ ಜನ ಎದ್ದು ದೊಡ್ಡಮಲ್ಲಮ್ಮಂಗೆ ದಾರಿ ಬುಟ್ರು ಕಣ್ರಪ್ಪೋ!” ಎಂದು ಸೋಮಮ್ಮ ತೀರ್ಪು ಕೊಟ್ಟಳು. ಅದಕ್ಕೆ ಮೇಲ್ಮನವಿ ಇರಲಿಲ್ಲ. ಮಾದಣ್ಣ ಮೂಲೆಯ ಎಲೆಯ ಮುಂದೆ ಅಡ್ಡಬಿದ್ದು, “ತಪ್ಪಾಯ್ತು ಕಣಜ್ಜಿ. ನನ್ನ ಉಸ್ರಿರೋ ತಂಕ ಮೊದ್ಲ ಎಲೆ ನಿಂಗೇಯ,” ಎಂದ. ಶೇಕ್ದಾರರು ಎಡೆಯ ಪ್ರಸಾದಕ್ಕೆ ಎಲ್ಲರಿಗಿಂತ ಮೊದಲು ಕೂತರು.

ಜನ ಉಣ್ಣುತ್ತಿದ್ದಾಗ ಹಿತ್ತಿಲಲ್ಲಿ ರಜಾಕ್ ಸಾಹೇಬರು ನನ್ನನ್ನೂ ಚಂದ್ರಮತಿಯನ್ನೂ ಬೆರಗಿನಿಂದ ನೋಡಿದರು. “ಇದೇನು ಇಷ್ಟು ಗಲಾಟೆ? ದೊರೆ ಹಸು ಅಮ್ಮಾ ಅದು, ಬಲಗಡೆ ಕೂತರೆ ಕೊಡುತ್ತೆ, ಎಡಗಡೆ ಕೂತರೆ ಒದೆಯುತ್ತೆ. ನಜೀಮಾ ದಿನಾ ಬಲಗಡೆ ಕೂತು ಕರೀತಿದ್ಲು. ಬೆಲ್ಲದನ್ನ ಅಂದ್ರೆ ಅದಕ್ಕೆ ಪ್ರಾಣ.”

“ಮಾದಣ್ಣನಿಗೆ ಯಾಕೆ ಹೇಳಲಿಲ್ಲ ಸಾಹೇಬರೇ?” ಎಂದೆ.

“ಅವರು ಕೇಳಿದ್ರಾ? ಅದರ ಅಮ್ಮ ಯಾರು, ಅಜ್ಜಿ ಯಾರು ಅಂತ ಕೇಳಿದ್ರು. ಕಾಗದ ಕೊಟ್ಟೆ.”

ನಾನು ನಗುತ್ತ ಒಳಗೆ ಹೊರಟೆ. ಚಂದ್ರಮತಿ ಅಡ್ಡ ಬಂದಳು.

“ಬ್ಯಾಡಿ ಮೇಷ್ಟ್ರೇ. ಎಡ ಬಲ ಅಂತ ತಿಳ್ಕಂಡ್ರೆ ಮುಂದಿನ್ ವರ್ಸ ನಮ್ಮಜ್ಜಿ ಎಲೆ ಎತ್ಬುಡ್ತಾರೆ. ಹಸ ನಾನೇ ಕರ್ಕೋತೀನಿ. ಸಾಬ್ರೆ, ನೀವೂ ಹೇಳ್ಬೇಡಿ.”

ರಜಾಕ್ ಸಾಹೇಬರು ಎದೆಯ ಮೇಲೆ ಕೈಯಿಟ್ಟು ಒಪ್ಪಿದರು. ನಾನೂ ಒಪ್ಪಿದೆ. ವಿದ್ಯೆ ಹಂಚುವುದು ಮೇಷ್ಟ್ರ ಧರ್ಮವೆನ್ನುತ್ತಾರೆ. ಆ ದಿನ ಹಂಚದೆ ಉಳಿಸಿಕೊಂಡದ್ದಕ್ಕೆ ನನಗೆ ಈವರೆಗೂ ಪಶ್ಚಾತ್ತಾಪವಾಗಿಲ್ಲ.

ಮುಂದಿನ ವರ್ಷ ಪಕ್ಷಕ್ಕೆ ಮೊದಲು ಗಂಡ ಹೆಂಡತಿ ಇಬ್ಬರೂ ನನ್ನ ಮನೆಗೆ ಬಂದರು. ಚಂದ್ರಮತಿಯ ಕೈಯಲ್ಲಿ ಒಂದು ಚೊಂಬು ಹಾಲು. ಮಾದಣ್ಣನ ಮುಖದಲ್ಲಿ ವರ್ಷವಿಡೀ ಯೋಚಿಸಿದವನ ಗಾಂಭೀರ್ಯ.

“ಮೇಷ್ಟ್ರೇ, ಒಂದನ್ಮಾನ. ಅಷ್ಟು ದೊಡ್ಡ ದೊಡ್ಡ ರಾಣೀರು ಎದ್ದು ದಾರಿ ಬುಟ್ರು ಅಂದ್ರೆ ನಮ್ಮ ದೊಡ್ಡಮಲ್ಲಮ್ಮನೂ ಸಾಮಾನ್ಯದೋಳಲ್ಲ. ಆ ಪುಸ್ತಕದಲ್ಲಿ ಅವಳ ಹೆಸ್ರೂ ಅದಾ, ಚೂರು ನೋಡಿ.”

ನನ್ನದು ‘ಎಂ’ ಸಂಪುಟ. ಹನ್ನೆರಡೂ ಸಂಪುಟ ಇದ್ದಿದ್ದರೂ ಚಂದಕವಾಡಿಯ ದೊಡ್ಡಮಲ್ಲಮ್ಮ ಅವುಗಳಲ್ಲಿ ಸಿಗುತ್ತಿರಲಿಲ್ಲ. ನಾನು ಚಂದ್ರಮತಿಯ ಕಡೆ ನೋಡಿದೆ. ಅವಳು ಚೊಂಬಿನೊಳಗೆ ನೋಡುತ್ತಿದ್ದಳು. ಪುಸ್ತಕ ತೆಗೆದು, ಮಟಿಲ್ಡಾಗಳ ಪುಟ ಬಿಡಿಸಿ, ಕನ್ನಡಕ ಹಾಕಿಕೊಂಡೆ.

“ಇದೆ,” ಎಂದೆ. “ದೊಡ್ಡಮಲ್ಲಮ್ಮ, ಚಂದಕವಾಡಿ. ತಬ್ಬಲಿ ಮೊಮ್ಮಗಳನ್ನು ಸಾಕಿದಳು. ಮದುವೆ ಮಾಡಿ, ಹಸು ಹೊಡೆದುಕೊಂಡು ಜೊತೆಗೆ ನಡೆದುಬಂದಳು.”

“ರಾಣಿ ಅಂತ ಬರ್ದದಾ?”

“ಅಷ್ಟು ಬಿಡಿಸಿ ಬರೆದಿಲ್ಲ.”

“ಆ ದೊರೆಗೋಳು ಯಾಕೆ ಬರ್ದಾರು ಬುಡಿ,” ಎಂದು ಮಾದಣ್ಣ ತೃಪ್ತಿಯಿಂದ ಎದ್ದ. ಚಂದ್ರಮತಿ ಹಾಲಿನ ಚೊಂಬನ್ನು ನನ್ನ ಮುಂದಿಟ್ಟು, ಪುಸ್ತಕಕ್ಕೆ ಕೈಮುಗಿದು ಗಂಡನ ಹಿಂದೆ ಹೋದಳು. ಅವರು ಬೀದಿಯ ತಿರುವು ದಾಟಿದ ಮೇಲೆ ನಾನು ಪೆನ್ನು ತೆಗೆದು, ಓದಿದ್ದನ್ನು ಓದಿದ ಹಾಗೆಯೇ, ಆರನೆಯ ಮಟಿಲ್ಡಾಳ ಕೆಳಗೆ ಬರೆದಿಟ್ಟೆ.